ಕಪ್ಪು ಐದರಲ್ಲಿ ಮೊಜಾರ್ಟ್, ಮೂರು ಆವರ್ತನದಲ್ಲಿ ಬ್ಲೂಸ್

ನಮ್ಮ ಐವರಲ್ಲಿ ನಾಲ್ವರಿಗೆ ಸ್ಟಾಫ್ ನೊಟೇಷನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಓದಲು ಬರುವುದಿಲ್ಲ. ಇಂದಿಗೂ ಬರುವುದಿಲ್ಲ. ಆದರೂ ಕಳೆದ ಚಳಿಗಾಲದಲ್ಲಿ ಧಾರವಾಡದ ಒಂದು ಸಣ್ಣ ಸಭಾಭವನದಲ್ಲಿ ಮೊಜಾರ್ಟನ ಕ್ಲಾರಿಯೋನೆಟ್ ಕ್ವಿಂಟೆಟ್ಟನ್ನು, ಅಂದರೆ ಕ್ಲಾರಿಯೋನೆಟ್ಟಿಗೂ ಎರಡು ವಯೊಲಿನ್, ವಯೊಲಾ, ಚೆಲ್ಲೋಗಳಿಗೂ ಬರೆದ ಕೃತಿಯನ್ನು, ನಾಲ್ಕೂ ಭಾಗ ಬಿಡದೆ ನುಡಿಸಿದೆವು. ಮುಂದೆ ಒಂದು ಹಾಳೆಯೂ ಇರಲಿಲ್ಲ. ವಿರಾಮದ ನಂತರ ತಬಲಾ ಇಟ್ಟುಕೊಂಡು ಮುಕ್ಕಾಲು ಗಂಟೆ ಜಾಝ್ ನುಡಿಸಿದೆವು. ಇದು ಆಗದ ಮಾತು ಎಂದು ಆರೇಳು ವರ್ಷ ಪಾಶ್ಚಾತ್ಯ, ಹಿಂದೂಸ್ತಾನಿ ಎರಡೂ ಕಡೆಯವರಿಂದ ಕೇಳಿದ್ದೇನೆ. ಆಗಿದೆ. ಹೇಗಾಯಿತು ಎಂದು ಗದಗ, ಹಾವೇರಿ ಕಡೆಯ ಕ್ಲಾರಿಯೋನೆಟ್ ವಾದಕ ಮಿತ್ರರು ಮೇಲಿಂದ ಮೇಲೆ ಫೋನು ಮಾಡಿ ಕೇಳುತ್ತಿರುವುದರಿಂದ ಒಮ್ಮೆ ಕುಳಿತು ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬಂದವು, ನೂರು ಇನ್ನೂರು ಹೆಚ್ಚುಕಡಿಮೆ ಇರಬಹುದು.

ನನ್ನ ತಂದೆ ಕಂಪನಿ ನಾಟಕದಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದವರು. ಲೆಗ್ ಹಾರ್ಮೋನಿಯಂ ಎಡಕ್ಕೆ, ತಬಲಾ ಬಲಕ್ಕೆ, ನಡುವೆ ಅವರು. ನಾಟಕವಿಲ್ಲದ ತಿಂಗಳುಗಳಲ್ಲಿ ಹುಬ್ಬಳ್ಳಿಯ ಬ್ಯಾಂಡಿನವರ ಜೊತೆ ಮದುವೆ ಮೆರವಣಿಗೆಗೆ ಹೋಗುತ್ತಿದ್ದರು. ಹೀಗಾಗಿ ಕ್ಲಾರಿಯೋನೆಟ್ ಎಂದರೆ ಬೀದಿಯ ವಾದ್ಯ, ಬೈಠಕ್ಕಿಗೆ ತರುವಂಥದ್ದಲ್ಲ ಎಂಬ ಮಾತು ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿತ್ತು. ತಮಿಳುನಾಡಿನಲ್ಲಿ ಎ.ಕೆ.ಸಿ. ನಟರಾಜನ್ ಅವರು ಇದೇ ವಾದ್ಯದಲ್ಲಿ ಕರ್ನಾಟಕ ಸಂಗೀತದ ಪೂರ್ಣ ಕಛೇರಿ ಮಾಡಿ ತೋರಿಸಿದ್ದರೂ ನಮ್ಮ ಕಡೆ ಆ ಮಾತು ಅಳಿಯಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿಯವರು, ಬಸವರಾಜ ರಾಜಗುರುಗಳು ಹಾಡಿದ ಊರಿನಲ್ಲಿ ಕಂಠಕ್ಕೆ ಇರುವ ಮರ್ಯಾದೆ ಹಿತ್ತಾಳೆ ಕೀಲಿಗಳ ಕರಿ ಕೊಳವೆಗೆ ಸುಲಭವಾಗಿ ಸಿಗುವುದಿಲ್ಲ.

ನಾನು ಪಾಶ್ಚಾತ್ಯ ಪದ್ಧತಿಯನ್ನು ಬೋಮ್ ಎಂಬ ಕೀಲಿ ಜೋಡಣೆಯ ಕ್ಲಾರಿಯೋನೆಟ್ ಮೇಲೆ ಮುಂಬಯಿಯಲ್ಲಿ ಏಳು ವರ್ಷ ಕಲಿತು ಊರಿಗೆ ಮರಳಿದೆ. ನುಡಿಸಬೇಕೆಂದರೆ ಜೊತೆಗೆ ಯಾರೂ ಇಲ್ಲ. ಸೊನಾಟಾಕ್ಕೆ ಪಿಯಾನೋ ಬೇಕು. ಪಿಯಾನೋ ಇದ್ದ ಕಡೆ ಶ್ರುತಿ ಇಲ್ಲ, ಶ್ರುತಿ ಇದ್ದ ಕಡೆ ಒಳಗೆ ಬಿಡುವುದಿಲ್ಲ. ಆದರೆ ಧಾರವಾಡದಲ್ಲಿ ವಯೊಲಿನ್ ನುಡಿಸುವವರಿಗೆ ಬರವಿಲ್ಲ. ಅಲ್ಲಿಂದ ಕ್ವಿಂಟೆಟ್ಟಿನ ಯೋಚನೆ ಹುಟ್ಟಿತು. 2017ರ ಮಳೆಗಾಲ ಇರಬೇಕು.

ಮೊದಲ ಗೋಡೆ ನನ್ನ ವಾದ್ಯದ್ದೇ. ಮೊಜಾರ್ಟ್ 1789ರಲ್ಲಿ ಬರೆದ ಈ ಕೃತಿ ಎ ಶ್ರುತಿಯ ಕ್ಲಾರಿಯೋನೆಟ್ಟಿಗೆ. ನನ್ನಲ್ಲಿ ಇರುವುದು, ನಿಮ್ಮೆಲ್ಲರಲ್ಲೂ ಇರುವಂತೆ, ಅದಕ್ಕಿಂತ ಅರ್ಧ ಸ್ವರ ಮೇಲಿನ ಬಿ ಫ್ಲ್ಯಾಟ್. ಅದರ ಮೇಲೆ ಎ ಮೇಜರ್ ನುಡಿಸಹೊರಟರೆ ಬೆರಳಿಗೆ ಐದು ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿದ ಸ್ವರಗಳು, ಬೀಳುತ್ತವೆ. ಒಂದು ವರ್ಷ ಹಾಗೆಯೇ ತಿಣುಕಿದೆ. ಮೊದಲ ಭಾಗದ ಓಟಗಳು ಕೈಗೆ ಬಂದವು, ಆದರೆ ಅವುಗಳಲ್ಲಿ ಸುಖ ಇರಲಿಲ್ಲ. ಎಡ ಮತ್ತು ಬಲ ಕಿರುಬೆರಳುಗಳು ಕೀಲಿಯಿಂದ ಕೀಲಿಗೆ ಜಾರುವಾಗ ಸ್ವರ ಹರಿದುಹೋಗುತ್ತಿತ್ತು. ಒಳ್ಳೆಯ ಎ ಕ್ಲಾರಿಯೋನೆಟ್ಟಿನ ಬೆಲೆ ಕೇಳಿದೆ: ಎರಡೂವರೆ ಲಕ್ಷದ ಮೇಲೆ. ಆ ವರ್ಷ ಮಗಳ ಕಾಲೇಜು ಶುಲ್ಕ ಕಟ್ಟಬೇಕಾಗಿತ್ತು. ವಾದ್ಯದ ಮಾತು ಅಲ್ಲಿಗೆ ನಿಂತಿತು.

ದಾರಿ ತೋರಿಸಿದವರು ನಮ್ಮ ಮೊದಲ ವಯೊಲಿನ್ನಿನ ಹಿರಿಯರು. ಎಪ್ಪತ್ತರ ಆಸುಪಾಸಿನವರು, ನಲವತ್ತು ವರ್ಷ ಗಾಯಕರಿಗೆ ಸಾಥ್ ಕೊಟ್ಟವರು. ನನ್ನ ಒದ್ದಾಟ ನೋಡಿ ಅವರು ಕೇಳಿದ್ದು ಇಷ್ಟೇ: "ತಮ್ಮಾ, ನಿನ್ನ ಕೊಳವೆಗೆ ಅನುಕೂಲವಾದ ಸ್ವರ ಯಾವುದು? ಅದನ್ನು ಹೇಳು, ನಾವು ತಂತಿ ಏರಿಸಿಕೊಳ್ಳುತ್ತೇವೆ. ಹಾಡುವವರು ಬದಲಾದಾಗೆಲ್ಲ ಅದನ್ನೇ ಮಾಡುತ್ತ ಬಂದಿಲ್ಲವೇ?"

ಪಾಶ್ಚಾತ್ಯ ವಯೊಲಿನ್ ವಾದಕರು ಸಾಮಾನ್ಯವಾಗಿ ಜಿ, ಡಿ, ಎ, ಇ ಎಂಬ ತಂತಿಕಟ್ಟು ಬಿಟ್ಟು ಅಲುಗಾಡುವುದಿಲ್ಲ. ನಮ್ಮವರಿಗೆ ಅದು ದಿನನಿತ್ಯದ ಕೆಲಸ. ನಾಲ್ಕೂ ತಂತಿವಾದ್ಯಗಳನ್ನು ಅರ್ಧ ಸ್ವರ ಮೇಲಕ್ಕೆ ಕಟ್ಟಿದರೆ ಆಯಿತು. ಎ ಕ್ಲಾರಿಯೋನೆಟ್ಟಿಗೆ ಬರೆದದ್ದನ್ನು ನಾನು ಅದೇ ಬೆರಳುಗಳಲ್ಲಿ ಬಿ ಫ್ಲ್ಯಾಟ್ ಮೇಲೆ ನುಡಿಸುತ್ತೇನೆ, ಅವರೂ ತಮ್ಮ ತಂತಿಯ ಬೆರಳುಗಳನ್ನು ಬದಲಿಸಬೇಕಿಲ್ಲ. ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ ಇಡೀ ಕೃತಿ ಬಿಳಿ ಆರರಿಂದ ಕಪ್ಪು ಐದಕ್ಕೆ ಏರುತ್ತದೆ. ಎರಡನೆಯ, ನಿಧಾನ ಭಾಗ ಲಾರ್ಗೆಟ್ಟೊ ಕಪ್ಪು ಎರಡಕ್ಕೆ ಬಂದು ನಿಲ್ಲುತ್ತದೆ.

ಬೆಂಗಳೂರಿನ ಒಬ್ಬ ಪಾಶ್ಚಾತ್ಯ ಸಂಗೀತದ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಮುಖ ಸಿಂಡರಿಸಿದರು. ಮೊಜಾರ್ಟ್ ಬರೆದ ಸ್ವರವನ್ನು ಬದಲಿಸುವುದು ಅಪಚಾರವಂತೆ. ಅವರಿಗೆ ನಾನು ಕೊಟ್ಟ ಉತ್ತರ ಇಲ್ಲೂ ಇರಲಿ. ಈ ಕೃತಿ ಹುಟ್ಟಿದ್ದೇ ಆಂಟನ್ ಸ್ಟಾಡ್ಲರ್ ಎಂಬ ವಾದಕನ ಕೈಯಲ್ಲಿದ್ದ, ಕೆಳಗಿನ ಸ್ವರಗಳು ಹೆಚ್ಚಾಗಿದ್ದ ಉದ್ದನೆಯ ವಾದ್ಯಕ್ಕೆ. ಮೊಜಾರ್ಟನ ಹಸ್ತಪ್ರತಿ ಕಳೆದುಹೋಗಿದೆ. ಎಲ್ಲರೂ ನುಡಿಸುತ್ತ ಬಂದ ಪಾಠ ಸಾಮಾನ್ಯ ಕ್ಲಾರಿಯೋನೆಟ್ಟಿಗೆ ಆಮೇಲೆ ಹೊಂದಿಸಿದ್ದು. ಎದುರಿಗಿದ್ದ ವಾದಕನ ಅನುಕೂಲ ನೋಡಿ ಬರೆದ ಸಂಗೀತವನ್ನು ನಾವು ನಮ್ಮ ವಾದಕರ ಅನುಕೂಲಕ್ಕೆ ಕಟ್ಟಿಕೊಂಡೆವು.

ತಂತಿ ಏರಿಸುವುದು ಬಾಯಲ್ಲಿ ಹೇಳಿದಷ್ಟು ಹಗುರವಲ್ಲ. ಅರ್ಧ ಸ್ವರ ಏರಿದರೆ ಎಳೆತ ನೂರಕ್ಕೆ ಹನ್ನೆರಡರಷ್ಟು ಹೆಚ್ಚುತ್ತದೆ. ಮೊದಲ ತಿಂಗಳಲ್ಲಿ ಎಂಟೋ ಒಂಬತ್ತೋ ಮೇಲಿನ ತಂತಿಗಳು ಕಡಿದವು. ಒಂದು ಹಿರಿಯರ ಕೆನ್ನೆಗೆ ಬಡಿದು ಗೀರು ಬಿತ್ತು. ಎರಡನೇ ವಯೊಲಿನ್ನಿನವರ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಸ್ವಲ್ಪ ಸ್ವಲ್ಪವೇ ಮುಂದಕ್ಕೆ ವಾಲುತ್ತ ಒಂದು ಸಂಜೆ ಟಪ್ಪೆಂದು ಮಲಗಿಬಿಟ್ಟಿತು, ಒಳಗಿನ ಆನಿಕೆ ಕಡ್ಡಿಯೂ ಜಾರಿತು. ಅದನ್ನು ಕೂಡಿಸಿಕೊಂಡು ಬರಲು ಬೆಳಗಾವಿಗೆ ಹೋಗಿಬಂದ ಖರ್ಚೂ ಸೇರಿ 1,800 ರೂಪಾಯಿ. ಆಮೇಲೆ ಮೇಲಿನ ತಂತಿಗೆ ಇನ್ನೂ ತೆಳುವಾದದ್ದನ್ನು ಹಾಕಿದೆವು. ತಾಲೀಮಿಗೆ ಮೊದಲು ಎರಡು ದಿನ ಬಿಟ್ಟು ಬಿಟ್ಟು ಕಾಲು ಕಾಲು ಸ್ವರ ಏರಿಸಿದೆವು, ಪ್ರತಿ ಸಲ ಕುದುರೆಯನ್ನು ಬೆರಳಿನಿಂದ ಹಿಂದಕ್ಕೆ ನಿಲ್ಲಿಸಿದೆವು. ಅಂದಿನಿಂದ ಕಡಿದದ್ದು ಎರಡೇ ತಂತಿ.

ಇನ್ನೊಂದು ಮೊದಲೇ ಹೇಳಬೇಕಿತ್ತು. ಅವರು ಗಾಯಕರಿಗೆ ನುಡಿಸುವಾಗ ಪ, ಸ, ಪ, ಸ ಎಂದು ಕಟ್ಟುತ್ತಾರೆ, ತಂತಿಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ. ಮೊದಲ ಆರು ತಿಂಗಳು ಆ ಕಟ್ಟಿನಲ್ಲೇ ಮೊಜಾರ್ಟನ್ನು ಹಿಡಿಯಲು ನೋಡಿದೆವು. ತಂತಿಯಿಂದ ತಂತಿಗೆ ಹಾರುವ ಸ್ವರಸಮೂಹಗಳಲ್ಲಿ ಬೆರಳು ಎಡವಿಯೇ ಎಡವಿತು. ಆರು ತಿಂಗಳು ನೀರಿನಲ್ಲಿ ಹೋಮ. ನೀವು ಮಾಡುವುದಾದರೆ ಮೊದಲ ದಿನದಿಂದ ನಾಲ್ಕೂ ತಂತಿಗಳನ್ನು ಪಂಚಮದ ಅಂತರದಲ್ಲೇ ಕಟ್ಟಿಸಿರಿ.

ವಯೊಲಿನ್ನಿಗಿಂತ ತುಸು ದೊಡ್ಡದಾದ, ಕೆಳ ನಾದದ ವಯೊಲಾ ಧಾರವಾಡದಲ್ಲಿ ನಮಗೆ ಸಿಗಲಿಲ್ಲ. ಹಳೆಯ ವಯೊಲಿನ್ ಒಂದಕ್ಕೆ ವಯೊಲಾದ ತಂತಿಗಳನ್ನು ಹಾಕಿದೆವು. ಕೆಳಗಿನ ತಂತಿ ಚಿಕ್ಕ ವಾದ್ಯದ ಮೇಲೆ ಸಡಿಲವಾಗಿ ಬುಸುಗುಡುತ್ತದೆ ಎಂದು ಎಲ್ಲರೂ ಎಚ್ಚರಿಸಿದ್ದರು. ಅರ್ಧ ಸ್ವರ ಏರಿಸಿದ್ದರಿಂದಲೇ ಆ ಸಡಿಲು ಬಹುಪಾಲು ಹೋಯಿತು. ಮೇಲಿನ ತಂತಿಗಳನ್ನು ಕಡಿಯುತ್ತಿದ್ದ ಎಳೆತ ಇಲ್ಲಿ ಉಪಕಾರ ಮಾಡಿತು. ಕೊನೆಯ ಭಾಗದಲ್ಲಿ ವಯೊಲಾ ಅಳುವಂತೆ ಹಾಡುವ, ಮೂಲ ರಾಗದ ಒಂದು ರೂಪಾಂತರ ಇದೆ, ಮೂರನೆಯದು. ಅದನ್ನು ನಮ್ಮ ವಾದಕಿ ನುಡಿಸಿದ್ದನ್ನು ಕೇಳಿ ಸಭೆಯಲ್ಲಿ ಇಬ್ಬರು ಮೂವರು "ಆಹಾ" ಎಂದರು. ಮೊಜಾರ್ಟ್ ನುಡಿಯುವಾಗ ಆಹಾಕಾರ ಬರುವುದು ಧಾರವಾಡದಲ್ಲಿ ಮಾತ್ರ ಇದ್ದೀತು.

ಗುಂಪಿಗೆ ತಳದ ನಾದ ಕೊಡುವ ದೊಡ್ಡ ತಂತಿವಾದ್ಯ ಚೆಲ್ಲೋ, ಅದರ ಕಥೆ ದೊಡ್ಡದು. ಮೊದಲು ತಂದೆಯವರ ಕಾಲದ ಲೆಗ್ ಹಾರ್ಮೋನಿಯಮ್ಮನ್ನು ಅಟ್ಟದಿಂದ ಇಳಿಸಿದೆ. ತಿದಿ ಹರಿದಿತ್ತು, ಚರ್ಮ ಹಾಕಿಸಲು 6,000 ಹೋಯಿತು. ನಾದ ಗಂಭೀರವಾಗಿತ್ತು. ಆದರೆ ಅದರ ಶ್ರುತಿ ಇಂದಿನದಕ್ಕಿಂತ ಒಂದು ಕೂದಲು ಮೇಲೆ. ತಂತಿಯವರು ಏರಿಸಿಕೊಂಡಾರು, ಕ್ಲಾರಿಯೋನೆಟ್ ಎಲ್ಲಿಗೆ ಏರಬೇಕು? ಬ್ಯಾರೆಲ್ಲನ್ನು, ಅಂದರೆ ಬಾಯ್ತುಂಡಿನ ಕೆಳಗಿನ 66 ಮಿಲಿಮೀಟರಿನ ಮೋಟು ಕೊಳವೆಯನ್ನು, ಲೇತಿನ ಮೇಲೆ 64ಕ್ಕೆ ಇಳಿಸಿದೆ. ಇದನ್ನು ನೀವು ಮಾಡಬೇಡಿ. ಕೆಳಗಿನ ಸ್ವರಗಳು ಅಷ್ಟಾಗಿ ಏರದೆ, ಬ್ಯಾರೆಲ್ಲಿಗೆ ಹತ್ತಿರದ ರಂಧ್ರಗಳಿಂದ ಬರುವ ಗಂಟಲಿನ ಸ್ವರಗಳು ಮಾತ್ರ ಜಿಗಿದು ನಿಂತವು, ಇಡೀ ವಾದ್ಯ ತನ್ನಲ್ಲೇ ಬೇಸುರವಾಯಿತು. ಬ್ಯಾರೆಲ್ಲು ಹಾಳು, 4,500 ರೂಪಾಯಿ ಹಾಳು. ಅದೂ ಹೋಗಲಿ ಎಂದು ಹಾರ್ಮೋನಿಯಂ ಪೇಟಿಯ ರೀಡುಗಳನ್ನೇ ಕೆರೆಸಿ ಇಳಿಸಿದೆ. ಆಗ ಇನ್ನೊಂದು ಕೊರತೆ ತಿಳಿಯಿತು. ಪೇಟಿಗೆ ಸ್ವರದ ಆರಂಭದಲ್ಲಿ ಮೊನೆ ಇಲ್ಲ. ಚೆಲ್ಲೋ ಬೆರಳಿನಿಂದ ಮೀಟಬೇಕಾದ ಕಡೆ ಅದು ಊದುತ್ತದೆ. ಮೇಲಿನ ನಾಲ್ವರು ಎಷ್ಟು ಚೆನ್ನಾಗಿ ನುಡಿಸಿದರೂ ಕೆಳಗೆ ನೆಲ ಇಲ್ಲದಂತೆ ಕೇಳುತ್ತಿತ್ತು.

ನಡುವೆ ಬಾಸ್ ಗಿಟಾರ್ ತಂದೆವು, ನಾಲ್ಕು ತಾಲೀಮಿಗೆ ಬಿಟ್ಟೆವು.

ಕೊನೆಗೆ ಗೋವೆಯಿಂದ ಹಳೆಯ ಚೆಲ್ಲೋ ಒಂದನ್ನು ತಂದೆವು. 38,000 ಎಂದು ನೆನಪು. ಐವರೂ ಸೇರಿ ಹಾಕಿದ ಹಣ, ಹೆಚ್ಚಿನ ಪಾಲು ನನ್ನದು. ತರುವಾಗ ಬಸ್ಸಿನಲ್ಲಿ ಅದಕ್ಕೊಂದು ಸೀಟಿನ ಟಿಕೆಟು ತೆಗೆಸಿ, ಕಿಟಕಿಯ ಪಕ್ಕ ನಿಲ್ಲಿಸಿ, ಘಟ್ಟದ ತಿರುವುಗಳಲ್ಲಿ ಎರಡೂ ಕೈಯಿಂದ ತಬ್ಬಿ ಹಿಡಿದು ಕುಳಿತಿದ್ದೆ. ನುಡಿಸುವವರು? ನಮ್ಮಲ್ಲಿ ಸಿತಾರ್ ಕಲಿಯುತ್ತಿದ್ದ ಹುಡುಗನೊಬ್ಬ ಇದ್ದ, ಸಾರಂಗಿಯನ್ನೂ ಸ್ವಲ್ಪ ಹಿಡಿದವನು. ಕಿವಿ ಬಂಗಾರದಂಥದ್ದು. ಕಮಾನು ಹಿಡಿಯುವ ರೀತಿಯಿಂದ ಶುರುಮಾಡಿ ಅವನನ್ನು ತಯಾರು ಮಾಡಲು ಹದಿನಾಲ್ಕು ತಿಂಗಳು ಬೇಕಾದವು. ಲಾಕ್‌ಡೌನಿನ ಕಾಲ ಅದಕ್ಕೇ ಹೋಯಿತು. ಇಂದು ಅವನು ನಮ್ಮ ಬೆನ್ನೆಲುಬು. ಹುಬ್ಬಳ್ಳಿ ಧಾರವಾಡದಲ್ಲಿ ಮೊಜಾರ್ಟನ್ನು ಬಾಯಿಪಾಠದಿಂದ ನುಡಿಸುವ ಚೆಲ್ಲೋ ವಾದಕ ಇನ್ನೊಬ್ಬ ಇದ್ದರೆ ನಾನು ಹೋಗಿ ಕೇಳಿ ಬರುತ್ತೇನೆ.

ಈಗ ಕಲಿಸಿದ ಬಗೆ. ನಾನು ಮೊದಲು ಮಾಡಿದ್ದು ತಪ್ಪು. ನಾಲ್ಕೂ ಪಾಲುಗಳನ್ನು ಹಿಂದೂಸ್ತಾನಿ ಸಂಗೀತದ ಭಾತಖಂಡೆ ಸ್ವರಲಿಪಿ ಪದ್ಧತಿಯಲ್ಲಿ ಕನ್ನಡ ಸರಿಗಮಕ್ಕೆ ಇಳಿಸಿದೆ. ಮಾತ್ರೆಗಳಿಗೆ ಮನೆ ಹಾಕಿ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ. ಎರಡು ನೂರು ಪುಟದ ನೋಟುಬುಕ್ಕು ಮೂರು ತುಂಬಿದವು. ರಾತ್ರಿ ಹತ್ತರಿಂದ ಒಂದರವರೆಗೆ, ಸುಮಾರು ಐದು ತಿಂಗಳು. ಫಲ ಏನೆಂದರೆ ಹಿರಿಯರು ಕನ್ನಡಕ ಏರಿಸಿ ಮನೆ ಎಣಿಸುತ್ತ ಕೂರುವರು, ಸ್ವರ ಸರಿ ಬೀಳುವುದು, ಸಂಗೀತ ಸತ್ತಿರುವುದು. ನಲವತ್ತು ವರ್ಷ ಗಾಯಕರ ಉಸಿರು ಹಿಡಿದು ಬೆನ್ನತ್ತಿದ ಕಿವಿಗೆ ಹಾಳೆ ಕೊಟ್ಟು ಕಟ್ಟಿಹಾಕಿದ್ದು ನಾನೇ. ಆ ಮೂರೂ ಪುಸ್ತಕಗಳನ್ನು ಕಪಾಟಿಗೆ ಸೇರಿಸಿದೆ.

ಆಮೇಲೆ ಹಿಂದೂಸ್ತಾನಿ ರಚನೆಯಾದ ಬಂದಿಶ್ ಹೇಳಿಕೊಡುವಂತೆ ಶುರುಮಾಡಿದೆವು. ದಿನಕ್ಕೆ ಒಂದೇ ವಾಕ್ಯ. ನಾನು ಹಾಡಿ ಮೊಬೈಲಿನಲ್ಲಿ ಕಳಿಸುವುದು, ಅವರು ಹಾಡಿ ತಿರುಗಿ ಕಳಿಸುವುದು. ಹಾಡು ಗಟ್ಟಿಯಾದ ಮೇಲೆಯೇ ವಾದ್ಯ ಮುಟ್ಟುವುದು. ಒಂದು ಕಟ್ಟುನಿಟ್ಟು ಇತ್ತು: ತನ್ನ ಪಾಲಷ್ಟೇ ಅಲ್ಲ, ಉಳಿದ ನಾಲ್ವರ ಪಾಲನ್ನೂ ಹಾಡಲು ಬರಬೇಕು. ಎಲ್ಲರೂ ಗೊಣಗಿದ್ದು ಇದಕ್ಕೆ, ಕೆಲಸ ಕೊಟ್ಟಿದ್ದೂ ಇದೇ. ಒಂದು ದಿನ ತಾಲೀಮಿಗೆ ಚೆಲ್ಲೋ ಹುಡುಗ ಬಂದಿರಲಿಲ್ಲ. ಲಾರ್ಗೆಟ್ಟೊ ನಡುವೆ ಹಿರಿಯರು ವಯೊಲಿನ್ ನುಡಿಸುತ್ತಲೇ ಚೆಲ್ಲೋದ ಪಾಲನ್ನು ಸಣ್ಣಗೆ ಗುನುಗತೊಡಗಿದರು. ಆ ಹೊತ್ತಿಗೆ ಇದು ಆಗುತ್ತದೆ ಎಂಬ ಧೈರ್ಯ ನನಗೆ ಬಂತು.

ಲಯದ್ದು ಇನ್ನೊಂದು ತೊಡಕು. ನಮ್ಮವರಿಗೆ ತಬಲಾ ಇಲ್ಲದ ನುಡಿಕೆ ಎಂದರೆ ತಾಳದ ಹಂಗಿಲ್ಲದ ಆಲಾಪ. ಮೊಜಾರ್ಟನಲ್ಲಿ ತಾಳ ಹಿಡಿಯುವವರು ಇಲ್ಲ, ಆದರೆ ತಾಳ ಇದೆ. ಮೊದಲ ತಿಂಗಳುಗಳಲ್ಲಿ ಲಾರ್ಗೆಟ್ಟೊ ತೇಲಿ ತೇಲಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು. ಎಲ್ಲೆಡೆ ಅದು ಮುಗಿಯುವುದು ಆರೇಳು ನಿಮಿಷಕ್ಕೆ. ತಾಲೀಮಿಗೆ ತಬಲಾದವನನ್ನು ಕೂರಿಸಿ ಮೆಲ್ಲಗೆ ಆರು ಮಾತ್ರೆಯ ದಾದರಾ ತಾಳ ಹಿಡಿಸಿದೆ. ಮನೆ ಕಟ್ಟುವಾಗ ನಿಲ್ಲಿಸುವ ಸಾರವೆಯಂತೆ ಅದು. ಮೂರು ತಿಂಗಳ ನಂತರ ಅವನು ಬೆರಳು ಎತ್ತುತ್ತ ಬಂದ. ಮೊದಲು ತಾಳದ ಮೊದಲ ಮಾತ್ರೆಯಾದ ಸಮ ಮಾತ್ರ, ಆಮೇಲೆ ಎರಡು ಆವರ್ತನಕ್ಕೊಮ್ಮೆ, ಅಂದರೆ ತಾಳದ ಎರಡು ಸುತ್ತಿಗೊಮ್ಮೆ, ಆಮೇಲೆ ಸುಮ್ಮನೆ ಕುಳಿತ. ಲಯ ನಿಂತಿತು.

ಮೀಂಡ್ ವಿಚಾರಕ್ಕೆ ಜಗಳವೇ ಆಗಿದೆ. ನಮ್ಮ ವಯೊಲಿನ್ನಿನವರಿಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರದೆ ಹೋಗುವುದು ಬರಿಗಾಲಲ್ಲಿ ಹಾರಿದಂತೆ. ಎಲ್ಲಾ ಕಡೆ ಜಾರಿಸಿದರೆ ಮೊಜಾರ್ಟ್ ಠುಮರಿಯಾಗುತ್ತಾನೆ, ಒಂದೂ ಕಡೆ ಬಿಡದಿದ್ದರೆ ಅವರ ಕಮಾನು ಸೆಟೆದುಕೊಳ್ಳುತ್ತದೆ. ಲಾರ್ಗೆಟ್ಟೊದಲ್ಲಿ ಎರಡು ಸ್ಥಳಗಳನ್ನು ಗುರುತಿಸಿಕೊಟ್ಟೆ, ಅಲ್ಲಿ ಜಾರಬಹುದು. ಆ ಎರಡು ಸ್ಥಳ ಯಾವುವು ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮ ನುಡಿಕೆಯ ಗುರುತು ಅದು. ಆ ಭಾಗದಲ್ಲಿ ತಂತಿಗಳಿಗೆ ನಾದ ತಗ್ಗಿಸುವ ಮ್ಯೂಟ್ ಹಾಕಬೇಕು. ರಬ್ಬರಿನ ಮ್ಯೂಟುಗಳನ್ನು ತರಿಸಿದ್ದೆವು, ಆದರೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪನ್ನು ಕುದುರೆಗೆ ಕಚ್ಚಿಸಿದಾಗ ಬಂದ ನಾದವೇ ಹೆಚ್ಚು ಮೆತ್ತಗೆ ಬೆಚ್ಚಗೆ ಇತ್ತು. ಕ್ಲಿಪ್ಪಿನ ಸ್ಪ್ರಿಂಗ್ ಝೇಂಕರಿಸದಂತೆ ದಾರ ಸುತ್ತಬೇಕು.

ಇನ್ನು ಜಾಝ್. ನನಗೆ ಇದರ ರುಚಿ ಹತ್ತಿಸಿದವರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಕಡೆ ಇದ್ದ ಒಬ್ಬ ವೃದ್ಧ ಗೋವನ್ ಕಹಳೆಗಾರರು, ಯೌವನದಲ್ಲಿ ಕುಣಿತದ ಬ್ಯಾಂಡುಗಳಲ್ಲಿ ನುಡಿಸಿದವರು. ಮೊಜಾರ್ಟ್ ನುಡಿಸುವವನಿಗೆ ಜಾಝ್ ಯಾಕೆ ಎಂದು ಕೇಳುವವರಿಗೆ ನಾನು ಅಮೆರಿಕದ ಕ್ಲಾರಿಯೋನೆಟ್ ವಾದಕ ಬೆನ್ನಿ ಗುಡ್‌ಮನ್ ಹೆಸರು ಹೇಳುತ್ತೇನೆ. ಸ್ವಿಂಗ್ ಎಂಬ ಕುಣಿತದ ಜಾಝ್ ಸಂಗೀತದ ದೊರೆಯಾಗಿದ್ದಾಗಲೇ, 1938ರಲ್ಲಿ, ಬುಡಾಪೆಸ್ಟ್ ಕ್ವಾರ್ಟೆಟ್ಟಿನ ಜೊತೆ ಇದೇ ಕ್ವಿಂಟೆಟ್ಟನ್ನು ಅವರು ಧ್ವನಿಮುದ್ರಿಸಿದರು. ಹಂಗೇರಿಯ ಸಂಗೀತ ರಚನೆಕಾರ ಬಾರ್ಟೋಕನಿಂದ ಕ್ಲಾರಿಯೋನೆಟ್, ವಯೊಲಿನ್, ಪಿಯಾನೋಗೆ ಕೃತಿ ಬರೆಸಿದವರೂ ಅವರೇ. ಈ ವಾದ್ಯಕ್ಕೆ ಎರಡೂ ಮನೆ ಸ್ವಂತದ್ದು.

ನಮ್ಮ ಮೊದಲ ಪ್ರಯತ್ನ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಜಾಝ್‌ನ ಬೇರುಗಳಲ್ಲೊಂದಾದ ಬ್ಲೂಸ್ ಹಿಡಿದೆವು, ತಬಲಾದವನು ಎಂಟು ಮಾತ್ರೆಯ ಕೆಹರ್ವಾ ಹಾಕಿದ, ಎಲೆಕ್ಟ್ರಾನಿಕ್ ತಂಬೂರಿ ಹಚ್ಚಿಟ್ಟಿದ್ದೆವು. ತಂಬೂರಿ ಸಾ ಬಿಡದೆ ಹಿಡಿದುಕೊಂಡಿದ್ದರಿಂದ ಪೇಟಿ ಸ್ವರಮೇಳ, ಅಂದರೆ ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು, ಬದಲಿಸಿದರೂ ಬದಲಾದಂತೆ ಕೇಳಲಿಲ್ಲ. ಕೆಹರ್ವಾ ಅದನ್ನು ಹಳೆಯ ಸಿನೆಮಾದ ಕ್ಲಬ್ ಹಾಡಾಗಿಸಿತು. ಇದನ್ನೇ ಒಂದು ಕಾರ್ಯಕ್ರಮದಲ್ಲಿ ನುಡಿಸಿಯೂ ಬಿಟ್ಟೆವು. ಸಂಘಟಕರು ಒಪ್ಪಿಕೊಂಡಿದ್ದ 15,000ದಲ್ಲಿ 6,000 ಕೈಗಿಟ್ಟು, ಉಳಿದದ್ದು ಮುಂದಿನ ಸಲ ಎಂದರು. ಮುಂದಿನ ಸಲ ಬರಲಿಲ್ಲ.

ತಂಬೂರಿ ಆರಿಸಿದೆವು. ಆಮೇಲೆ ಒಂದು ಮಧ್ಯಾಹ್ನ ಬಿಆರ್‌ಟಿಎಸ್ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ತೊಡೆಯ ಮೇಲೆ ಬೆರಳು ಎಣಿಸುತ್ತ ಕುಳಿತಿದ್ದೆ. ನವಲೂರು ದಾಟುವಷ್ಟರಲ್ಲಿ ಲೆಕ್ಕ ಕೂಡಿತು. ಬ್ಲೂಸಿನ ಒಂದು ಸುತ್ತು ಹನ್ನೆರಡು ಬಾರ್ ಎಂಬ ಸಮ ಅಳತೆಯ ತುಂಡುಗಳು, ಬಾರಿಗೆ ನಾಲ್ಕು ಮಾತ್ರೆ, ಒಟ್ಟು 48. ಹದಿನಾರು ಮಾತ್ರೆಯ ತೀನ್‌ತಾಲದ ಮೂರು ಆವರ್ತನ! ಅಷ್ಟಕ್ಕೇ ನಿಂತಿದ್ದರೆ ಬರೀ ಗಣಿತ. ಸ್ವರಮೇಳ ಎಲ್ಲಿ ಬದಲಾಗುತ್ತದೆ ನೋಡಿ. ಮೊದಲ ನಾಲ್ಕು ಬಾರ್ ಷಡ್ಜದ ಮನೆ, ಅದು ಮೊದಲ ಆವರ್ತನ. ಐದನೇ ಬಾರಿಗೆ ಮಧ್ಯಮಕ್ಕೆ ಹೋಗುತ್ತದೆ, ಅದು ಎರಡನೇ ಆವರ್ತನದ ಸಮ. ಏಳನೇ ಬಾರಿಗೆ ಷಡ್ಜಕ್ಕೆ ಮರಳುತ್ತದೆ, ಅದು ಒಂಬತ್ತನೇ ಮಾತ್ರೆ, ಒತ್ತಿಲ್ಲದ ಖಾಲಿ. ಒಂಬತ್ತನೇ ಬಾರಿಗೆ ಪಂಚಮ, ಮೂರನೇ ಆವರ್ತನದ ಸಮ. ಹತ್ತರಲ್ಲಿ ಮಧ್ಯಮ ಮುಟ್ಟಿ ಹನ್ನೊಂದಕ್ಕೆ ಷಡ್ಜ, ಮತ್ತೆ ಖಾಲಿ. ಸಮದಲ್ಲಿ ಮನೆ ಬಿಟ್ಟು ಹೊರಡುವುದು, ಖಾಲಿಯಲ್ಲಿ ಮನೆಗೆ ಬರುವುದು. ಉಣಕಲ್ಲಿನಲ್ಲಿ ಇಳಿದು ತಬಲಾದವನಿಗೆ ಫೋನು ಮಾಡಿ ಇಷ್ಟನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರರೇ, ಇದನ್ನು ಮೊದಲೇ ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು" ಎಂದ.

ರಾಗದ ಕಡೆಯಿಂದ ಜೋಗ್ ಎಂಬ ರಾಗ ಕೈಹಿಡಿಯಿತು. ಅದರಲ್ಲಿ ಎರಡೂ ಗಾಂಧಾರ ಇವೆ, ಏರುವಾಗ ಶುದ್ಧ, ಇಳಿಯುವಾಗ ಕೋಮಲ. ಬ್ಲೂಸಿನ ಷಡ್ಜದ ಮೇಳಕ್ಕೆ ಶುದ್ಧ ಗಾಂಧಾರ ಬೇಕು, ಮಧ್ಯಮದ ಮೇಳಕ್ಕೆ ಕೋಮಲ ಗಾಂಧಾರ. ಹೀಗಾಗಿ ಎರಡನೇ ಸಮಕ್ಕೆ ಕೋಮಲ ಗಾಂಧಾರದ ಮೇಲೆ ಇಳಿದರೆ ಜೋಗ್ ಕಿವಿಗೂ ಸರಿ, ಜಾಝ್ ಕಿವಿಗೂ ಸರಿ. ತೊಂದರೆ ಮೂರನೇ ಆವರ್ತನದಲ್ಲಿ. ಪಂಚಮದ ಮೇಳಕ್ಕೆ ಋಷಭ, ಶುದ್ಧ ನಿಷಾದ ಎರಡೂ ಬೇಕು, ಜೋಗ್‌ನಲ್ಲಿ ಎರಡೂ ಇಲ್ಲ. ಹಿರಿಯರು ಕಮಾನು ಕೆಳಗಿಟ್ಟರು. "ರಿಷಭ ಹಚ್ಚುವುದಾದರೆ ಜೋಗ್ ಎಂದು ಹೇಳಬೇಡ" ಎಂದರು. ಎರಡು ವಾರ ಹಟ. ಕೊನೆಗೆ ಅಲ್ಲಿ ಪೇಟಿ ಬರೀ ಪಂಚಮವನ್ನು ಮಾತ್ರ ಹಿಡಿಯುವುದು, ಮೇಲೆ ನಾವು ಪಂಚಮ ಮತ್ತು ಕೋಮಲ ನಿಷಾದದಲ್ಲೇ ಸುತ್ತುವುದು ಎಂದು ಒಪ್ಪಂದವಾಯಿತು. ಕೇಳಲು ಅದೇ ಹೆಚ್ಚು ಗಟ್ಟಿಯಾಗಿದೆ.

ತಬಲಾದಲ್ಲಿ ಸ್ವಿಂಗಿನ ತೂಗಾಟ ತರುವುದು ಕೊನೆಯ ಬೆಟ್ಟ. ತೀನ್‌ತಾಲದ ಭಾರ ಸಮದ ಮೇಲೆ, ಸ್ವಿಂಗಿನ ಭಾರ ಎರಡು ಮತ್ತು ನಾಲ್ಕರ ಮೇಲೆ. ಪ್ರತಿ ಮಾತ್ರೆಯನ್ನು ಮೂರಾಗಿ ಸೀಳಿ ನಡುವಿನದನ್ನು ನುಂಗಬೇಕು. ಅವನಿಗೆ ನಾನು ಕೊಟ್ಟ ಬೋಲುಗಳನ್ನು, ಅಂದರೆ ತಬಲಾದ ಪೆಟ್ಟುಗಳ ಅಕ್ಷರಗಳನ್ನು, ಕೇಳಬೇಡಿ, ಅವು ನಮ್ಮಲ್ಲೇ ಇರಲಿ. ದಾರಿ ಮಾತ್ರ ಹೇಳುತ್ತೇನೆ: ಬಾಯಲ್ಲಿ ತಾಳದ ಮೂಲ ನುಡಿಯಾದ ಠೇಕಾ ಅನ್ನುತ್ತ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ಹೊಡೆಯುವುದು, ದಿನಾ ಹತ್ತು ನಿಮಿಷ, ಮೂರು ತಿಂಗಳು. ತಬಲಾ ಜೋಡಿಯ ದೊಡ್ಡದಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಗುಮ್ಮೆಂಬ ಏರಿಳಿತವೇ ನಮಗೆ ಬಾಸ್.

ಮೊಜಾರ್ಟ್ ಮತ್ತು ಜಾಝ್ ನಡುವೆ ಸೇತುವೆಯೂ ಇದೇ ಲೆಕ್ಕದಿಂದ ಸಿಕ್ಕಿತು. ಕ್ವಿಂಟೆಟ್ಟಿನ ಕೊನೆಯ ಭಾಗದ ಮೂಲ ರಾಗ ಎಂಟು ಬಾರಿನ ಎರಡು ತುಂಡು, ಎರಡೂ ಪುನರಾವರ್ತನೆ. ಬಾರಿಗೆ ಎರಡು ಮಾತ್ರೆ ಹಿಡಿದರೆ ಒಂದು ತುಂಡು ಸರಿಯಾಗಿ ಒಂದು ತೀನ್‌ತಾಲ. ವಿರಾಮದ ನಂತರ ಆ ರಾಗದಿಂದಲೇ ಶುರುಮಾಡುತ್ತೇವೆ. ತಬಲಾ ಬಂದು ಸೇರುತ್ತದೆ, ನಾಲ್ಕು ಆವರ್ತನ ಮುಗಿದ ಮೇಲೆ ತೂಗಾಟ ಶುರು. ಮೊಜಾರ್ಟನೊಳಗೆ ಜಾಝ್ ಬೆರೆಸುವುದಿಲ್ಲ, ಅದು ನನಗೆ ಸಲ್ಲದು. ಮೊದಲು ಪೂರ್ತಿ ಕೃತಿ ಬರೆದಂತೆ, ಆಮೇಲೆ ಬೇರೆ ಮಾತು.

ಅಮೆರಿಕದ ಗರ್ಷ್‌ವಿನ್ನನ ರ‍್ಯಾಪ್ಸಡಿ ಇನ್ ಬ್ಲೂ ಕೃತಿಯ ಆರಂಭದಲ್ಲಿ ಕ್ಲಾರಿಯೋನೆಟ್ ಜಾರುತ್ತ ಮೇಲೇರುತ್ತದಲ್ಲ, 1924ರಲ್ಲಿ ರಾಸ್ ಗೋರ್ಮನ್ ತಾಲೀಮಿನಲ್ಲಿ ಹಾಗೆ ನುಡಿಸಿದ್ದೇ ಅದು ಉಳಿದುಬಂತು, ಹಾಳೆಯ ಮೇಲೆ ಇದ್ದದ್ದು ಬಿಡಿಬಿಡಿ ಸ್ವರಗಳ ಓಟ. ಆ ಜಾರುವಿಕೆಯನ್ನು ನಾನು ಮೀಂಡ್ ಮಾಡಲು ಬಳಸಿದ್ದೇನೆ. ಮೇಲಿನ ಸಪ್ತಕದಲ್ಲಿ ಬೆರಳು ನಿಧಾನ ಎಳೆದು, ನಾಲಿಗೆಯ ಹಿಂಭಾಗ ಇಳಿಸಿದರೆ ಬರುತ್ತದೆ. ವಾದ್ಯದ ಕೆಳಗಿನ, ಮೇಲಿನ ಸ್ವರಗಳು ಬೇರಾಗುವ ನಡುವಿನ ಬ್ರೇಕ್ ದಾಟಿಸಿ ಮೀಂಡ್ ಎಳೆಯುವುದು ಇನ್ನೊಂದು ಕಸುಬು. ಅದನ್ನು ಎದುರಿಗೆ ಕುಳಿತವರಿಗೆ ಮಾತ್ರ ತೋರಿಸುತ್ತೇನೆ.

ಬಿರುಕಿನ ಕಥೆ ಹೇಳದೆ ಹೋದರೆ ಹೊಸಬರಿಗೆ ಅನ್ಯಾಯ. ನನ್ನದು ಗ್ರೆನಡಿಲ್ಲಾ ಮರದ ವಾದ್ಯ, ಸೆಕೆಂಡ್ ಹ್ಯಾಂಡ್, 70,000ದ ಆಸುಪಾಸು ಕೊಟ್ಟದ್ದು. ಒಂದು ಡಿಸೆಂಬರ್ ಮುಂಜಾವು, ಸಾಧನಕೇರಿಯ ಚಳಿಯಲ್ಲಿ ತಣ್ಣಗಿದ್ದ ವಾದ್ಯಕ್ಕೆ ನೇರವಾಗಿ ಬಿಸಿ ಉಸಿರು ಊದಿದೆ. ಹತ್ತು ನಿಮಿಷಕ್ಕೆ ಮೇಲಿನ ತುಂಡಿನಲ್ಲಿ, ಟ್ರಿಲ್ ಕೀಲಿಗಳ ರಂಧ್ರದ ಪಕ್ಕ, ಕೂದಲಿನಷ್ಟು ಗೆರೆ ಬಿತ್ತು. ಅದು ಬೆಳೆಯುವುದನ್ನು ಕಣ್ಣಾರೆ ನೋಡಿದೆ. ಮರದ ಪುಡಿ ತುಂಬಿ ತೆಳು ಅಂಟು ಇಳಿಸಿ ಉಜ್ಜಿ ಸರಿಮಾಡಿಸಲು 3,500, ಎರಡು ತಿಂಗಳು ವಾದ್ಯ ಇಲ್ಲ. ಆ ಎರಡು ತಿಂಗಳು ತಂದೆಯವರ, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಮೀರತ್ ಕ್ಲಾರಿಯೋನೆಟ್ಟಿನಲ್ಲಿ ತಾಲೀಮು ನಡೆಸಿದೆ. ಈಗ ಚಳಿಗಾಲದಲ್ಲಿ ಮೇಲಿನ ತುಂಡನ್ನು ಶಾಲಿನೊಳಗೆ ಕಂಕುಳಲ್ಲಿ ಕಾಲುಗಂಟೆ ಇಟ್ಟುಕೊಂಡ ಮೇಲೆಯೇ ಜೋಡಿಸುತ್ತೇನೆ. ಬಾಯ್ತುಂಡಿನಲ್ಲಿ ಕಂಪಿಸುವ ತೆಳು ರೀಡುಗಳಿಗೆ ವರ್ಷಕ್ಕೆ ಹನ್ನೆರಡು ಸಾವಿರ ಹೋಗುತ್ತದೆ. ಹತ್ತರ ಪೆಟ್ಟಿಗೆಯಲ್ಲಿ ಕಚೇರಿಗೆ ಯೋಗ್ಯವಾದದ್ದು ಮೂರು. ಮಾರ್ಚಿನ ಒಣಗಾಳಿಗೆ ಎರಡೂವರೆ, ಜೂನಿನ ಜಡಿಮಳೆಗೆ ಮೂರು ನಂಬರಿನ ಗಡಸುತನದವು ನನಗೆ ಹೊಂದುತ್ತವೆ.

ಒಟ್ಟು ಖರ್ಚು ವಾದ್ಯ ಬಿಟ್ಟು ಒಂದು ಲಕ್ಷ ಹತ್ತು ಸಾವಿರದ ಹತ್ತಿರ. ಚಳಿಗಾಲದ ಕಾರ್ಯಕ್ರಮಕ್ಕೆ ಟಿಕೆಟು 200 ಇಟ್ಟೆವು, ನೂರಾ ನಲವತ್ತು ಜನ ಬಂದರು, ಬಾಡಿಗೆ ಕಳೆದು ಹದಿನೆಂಟು ಸಾವಿರ ಉಳಿಯಿತು. ಆಮೇಲೆ ಎರಡು ಕರೆ ಬಂದಿವೆ. ಬ್ರಾಹ್ಮ್ಸನ ಕ್ವಿಂಟೆಟ್ಟನ್ನೂ ಎತ್ತಿಕೊಂಡಿದ್ದೇವೆ, 1891ರದ್ದು. ಅದರ ನಿಧಾನ ಭಾಗದ ನಡುವೆ ಕ್ಲಾರಿಯೋನೆಟ್ ಆಲಾಪದಂತೆ ಬಿಚ್ಚಿಕೊಳ್ಳುತ್ತದೆ, ಹಿರಿಯರಿಗೆ ಮೊಜಾರ್ಟಿಗಿಂತ ಅದೇ ಪ್ರೀತಿ. ಆದರೆ ಒಳಗಿನ ಪಾಲುಗಳ ಲಯ ಇನ್ನೂ ಕೂಡಿಬಂದಿಲ್ಲ, ಎಂಟು ತಿಂಗಳಾದರೂ ಬೇಕು.

ಅಂದಿನ ಸಂಜೆಯದು ಒಂದು ಉಳಿಯಿತು. ಮೂರನೇ ಭಾಗ ಮಿನುಯೆಟ್ ಎಂಬ ನೃತ್ಯಲಯದ್ದು, ಅದರಲ್ಲಿ ಟ್ರಿಯೋ ಎಂಬ ನಡುವಿನ ತುಂಡುಗಳಲ್ಲಿ ಮೊದಲನೆಯದು ಬರುತ್ತದೆ, ಅಲ್ಲಿ ಕ್ಲಾರಿಯೋನೆಟ್ಟಿಗೆ ಕೆಲಸವಿಲ್ಲ, ನಾಲ್ಕು ತಂತಿವಾದ್ಯಗಳು ಮಾತ್ರ. ಎಡಗೈಯ ಒಂದು ಪ್ಯಾಡಿನ ಕೆಳಗೆ ನೀರು ಸೇರಿ ಗುಳುಗುಳು ಅನ್ನುತ್ತಿತ್ತು. ಜೇಬಿನಿಂದ ಸಿಗರೇಟಿನ ತೆಳು ಕಾಗದ ತೆಗೆದು ಪ್ಯಾಡಿನ ಕೆಳಗೆ ಸೇರಿಸಿ ಮೆಲ್ಲಗೆ ಒತ್ತಿ ಹಿಡಿದುಕೊಂಡು ಕುಳಿತೆ. ಹಿರಿಯರು ಕಣ್ಣು ಮುಚ್ಚಿದ್ದರು. ಚೆಲ್ಲೋ ಹುಡುಗನ ತುಟಿಗಳು ಅಲುಗುತ್ತಿದ್ದವು, ಅವನು ವಯೊಲಾದ ಪಾಲನ್ನು ಹಾಡಿಕೊಳ್ಳುತ್ತಿದ್ದ. ಕಾಗದ ನೀರು ಹೀರಿ ಒದ್ದೆಯಾಯಿತು, ಎಳೆದು ಹೊರತೆಗೆದೆ, ಮಿನುಯೆಟ್ ಮರಳಿ ಬಂತು, ಉಸಿರು ಎಳೆದುಕೊಂಡೆ. ನಾಲ್ವರೂ ಅದೇ ಉಸಿರಿಗೆ ಕಮಾನು ಎತ್ತಿದರು.